ಬೈಗುಳಕ್ಕೆ ಕಾದ ಈಶ್ವರ

ಜಪಾನಿನ ಕ್ಯೂಷು ದ್ವೀಪದ ಉತ್ತರಕ್ಕಿರುವ ಕುರೊಬೊರಿ ಎಂಬ ಊರಿನಲ್ಲಿ ಈಗ ಎಲ್ಲವೂ ಇದೆ, ಜನ ಒಂದು ಬಿಟ್ಟು. ಕಲ್ಲಿದ್ದಲ ಗಣಿ ಮುಚ್ಚಿದ ಮೇಲೆ ಉಳಿದದ್ದಕ್ಕೆಲ್ಲ ನಗರಸಭೆಯವರು ಪರಂಪರೆ ಎಂದು ಹೆಸರಿಟ್ಟು ಸುತ್ತ ಬೇಲಿ ಹಾಕಿದರು. ಇಟ್ಟಿಗೆಯ ಚಿಮಣಿ ಪರಂಪರೆ, ನೀರೆತ್ತುತ್ತಿದ್ದ ಪಂಪ್‌ಹೌಸ್ ಪರಂಪರೆ, ಕೆಲಸಕ್ಕೆ ಬಾರದ ಕಲ್ಲುಮಣ್ಣನ್ನು ಸುರಿದು ಸುರಿದು ಎದ್ದ ಗುಡ್ಡವೂ ಪರಂಪರೆ. ಗಣಿ ನಡೆಯುತ್ತಿದ್ದಾಗ ಆ ಗುಡ್ಡವನ್ನು ಕಂಡರೆ ಮೂಗು ಮುಚ್ಚಿಕೊಳ್ಳುತ್ತಿದ್ದ ಊರು, ಈಗ ಅದರ ಚಿತ್ರವಿರುವ ಬಿಸ್ಕತ್ತು ಮಾರುತ್ತದೆ. ಕಲ್ಲಿದ್ದಲು ಸಿಗುವುದು ಮ್ಯೂಸಿಯಂ ಅಂಗಡಿಯಲ್ಲಿ ಮಾತ್ರ, ಪುಟ್ಟ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಕೀಚೈನಿನ ಪಕ್ಕದಲ್ಲಿ.

ಇವೆಲ್ಲದರ ನಡುವೆ ಹರಿಯುವುದು ಕಾಲುವೆ. ಹಿಂದಿನವರು ಬಂಡೆ ಕಡಿದು ತೋಡಿದ್ದು. ಚಪ್ಪಟೆ ತಳದ ದೋಣಿಗಳಲ್ಲಿ ಕಲ್ಲಿದ್ದಲು ತುಂಬಿ, ಬಿದಿರ ಗಳ ಊರಿ ನೂಕುತ್ತ, ಸಮುದ್ರದವರೆಗೆ ಒಯ್ಯುತ್ತಿದ್ದರಂತೆ. ಈಗ ಅದರಲ್ಲಿ ಕೆಂಪು ಮೀನುಗಳಿವೆ. ದುಂಡಗಿವೆ, ಸುಖವಾಗಿವೆ, ನಿವೃತ್ತ ಅಧಿಕಾರಿಗಳಂತೆ ಯಾವ ಕೆಲಸಕ್ಕೂ ಹೊರಡದೆ ಒಂದೇ ಕಡೆ ತೇಲುತ್ತವೆ.

ಈ ಊರಿಗೆ ತಾನಾಗಿ ಬಂದು ನೆಲೆಸಿದ ಮಹಾನುಭಾವ ನಮ್ಮ ಈಶ್ವರ. ಮೈಸೂರಿನ ಸರಸ್ವತಿಪುರಂನವನು. ಬೆಂಗಳೂರಿನ ಕಂಪನಿಯೊಂದು ಅವನನ್ನು ಆರು ತಿಂಗಳ ಮಟ್ಟಿಗೆಂದು ಕಾವಾಸಾಕಿ ನಗರಕ್ಕೆ ಕಳಿಸಿತ್ತು. ಐಟಿ ಕಂಪನಿಯ ಆರು ತಿಂಗಳು ಎಷ್ಟುದ್ದ ಎಂಬುದು ಹೋದವರಿಗೇ ಗೊತ್ತು. ಅಷ್ಟರಲ್ಲಿ ಅವನಿಗೆ ವಿಶಾಲಾಕ್ಷಿಯೊಂದಿಗೆ ಮದುವೆಯಾಯಿತು, ಪ್ರಣತಿ ಹುಟ್ಟಿದಳು, ತಲೆಯ ಮುಂಭಾಗ ಬಯಲಾಯಿತು. ಕೊರೊನಾ ಬಂದು ಹೋದ ಮೇಲೆ ಕಂಪನಿ ಎಲ್ಲಿಂದ ಬೇಕಾದರೂ ಕೆಲಸ ಮಾಡಿ ಎಂದಿತು. ಕುರೊಬೊರಿಯ ನಗರಸಭೆ, ಪಂಪ್‌ಹೌಸಿನೊಳಗೆ ವೈಫೈ ಹಾಕಿದ್ದೇವೆ, ದಯವಿಟ್ಟು ಯಾರಾದರೂ ಬನ್ನಿ ಎಂದು ಇಂಟರ್ನೆಟ್ಟಿನಲ್ಲಿ ಅಂಗಲಾಚುತ್ತಿತ್ತು. ಬಂದ ಕುಟುಂಬ ಇದೊಂದೇ. ಯೋಕೋಹಾಮಾದ ಕನ್ನಡ ಬಳಗದವರು ಬೀಳ್ಕೊಡುಗೆಯ ದಿನ ಅವನನ್ನು ಕಾಶಿಗೆ ಹೊರಟವನಂತೆ ನೋಡಿದರು.

ಉಳಿಯಲು ಸಿಕ್ಕಿದ್ದು ಗಣಿ ಕೆಲಸಗಾರರಿಗೆಂದು ಕಟ್ಟಿದ್ದ ಸಾಲುಮನೆ. ಕೋಲಾರದ ಗಣಿಯವರು ಲೈನ್ ಮನೆ ಅನ್ನುತ್ತಾರಲ್ಲ, ಅದೇ. ಒಂದು ಮನೆಯಲ್ಲಿ ಸೀನಿದರೆ ಮೂರನೆಯ ಮನೆಗೆ ಕೇಳಿಸಬೇಕು. ಆದರೆ ಈಶ್ವರ ಸೀನಿದರೆ ಯಾರೂ ಕೇಳಿಸಿಕೊಂಡಂತೆ ತೋರಿಸುತ್ತಿರಲಿಲ್ಲ. ಅವನ ಸಂಕಟ ಶುರುವಾದದ್ದು ಅಲ್ಲಿಂದಲೇ.

ಏನು ಸಂಕಟ ಅಂದರೆ, ಆ ಊರಿನಲ್ಲಿ ಅವನಿಗೆ ಯಾರೂ ಬೈಯುತ್ತಿರಲಿಲ್ಲ. ಓದುವವರಿಗೆ ಇದು ಕೊಬ್ಬಿನ ಮಾತಿನಂತೆ ಕೇಳಬಹುದು. ಆದರೆ ಈಶ್ವರ ಬೆಳೆದ ಕ್ರಮವೇ ಬೇರೆ. ಸರಸ್ವತಿಪುರಂನಲ್ಲಿ ಅವನಿಗೆ ಅಪ್ಪ ಬೈಯುತ್ತಿದ್ದರು, ಸೋದರತ್ತೆ ಬೈಯುತ್ತಿದ್ದಳು, ಹಾಲಿನವನು ಬೈಯುತ್ತಿದ್ದ, ಎದುರುಮನೆಯ ಶಂಕರ ಮೇಷ್ಟ್ರು ಸಂಬಂಧವಿಲ್ಲದಿದ್ದರೂ ಬಿಡುವು ಮಾಡಿಕೊಂಡು ಬೈಯುತ್ತಿದ್ದರು. ಬೈಯದೆ ನಗುತ್ತ ಮಾತಾಡಿಸುತ್ತಿದ್ದವರೆಂದರೆ ಮನೆಗೆ ಬಂದ ನೆಂಟರು ಮಾತ್ರ, ಅವರು ಸಂಜೆಯ ಬಸ್ಸಿಗೆ ಹೋಗಿಬಿಡುತ್ತಿದ್ದರು. ಕುರೊಬೊರಿಯಲ್ಲಿ ಮಾತ್ರ ಅವನು ಮುಟ್ಟಿದ್ದೆಲ್ಲ ಜೋಜು. ಜೋಜು ಅಂದರೆ ಬಹಳ ಚೆನ್ನಾಗಿ ಮಾಡುತ್ತೀರಿ ಎಂದು ಹೊಗಳುವುದು. ಚಾಪ್‌ಸ್ಟಿಕ್ ಹಿಡಿದರೆ ಜೋಜು. ಕ್ಷಮಿಸಿ ಎನ್ನಲು ಒಂದು ಸುಮಿಮಾಸೆನ್ ಅಂದರೆ ಸಾಕು, ಆಹಾ, ಜಪಾನಿ ಭಾಷೆ ಜೋಜು. ಒಮ್ಮೆ ಕಟ್ಟೆಯಿಂದ ಕಾಲು ಜಾರಿ ಕಾಲುವೆಗೆ ಬಿದ್ದಾಗ ಎತ್ತಲು ಬಂದ ಕೇರಿಯ ಮುಖ್ಯಸ್ಥ ಮುತಾ-ಸಾನ್, ಈಜು ಜೋಜು ಅಂದರು. ನೀರು ಮೊಣಕಾಲಿನ ಮಟ್ಟಕ್ಕಿತ್ತು.

"ಸಾಫ್ಟ್‌ವೇರ್ ಟೆಸ್ಟರ್ ನೀವು, ದಿನಾ ಇನ್ನೊಬ್ಬರ ತಪ್ಪು ಹುಡುಕ್ತೀರ" ಎಂದಳು ವಿಶಾಲಾಕ್ಷಿ. "ನಿಮ್ಮ ತಪ್ಪು ಯಾರೂ ಹುಡುಕ್ತಿಲ್ಲ ಅಂತ ಅಳ್ತೀರ. ಬೇಕಾದ್ರೆ ಹೇಳಿ, ನಾನ್ ಶುರು ಮಾಡ್ತೀನಿ."

"ನೀನು ಬೈದ್ರೆ ಲೆಕ್ಕಕ್ಕಿಲ್ಲ ವಿಶಾಲೂ. ಊರೋರು ಬೈಬೇಕು."

ಊರವನೇ ಆಗಬೇಕೆಂಬ ಅವನ ಆಸೆಗೆ ಒಂದು ಆಕಾರವೂ ಇತ್ತು. ಬಹಳ ಹಿಂದೆ, ಜೂನ್ ತಿಂಗಳ ಒಂದು ಬೆಳಿಗ್ಗೆ ಗಣಿಯೊಳಗೆ ನೀರು ನುಗ್ಗಿ ಸಾಲುಮನೆಗಳ ಗಂಡಸರಲ್ಲಿ ಹೆಚ್ಚಿನವರು ಹೊರಗೆ ಬರಲಿಲ್ಲ. ಪ್ರತಿವರ್ಷ ಅದೇ ದಿನ ಹಳೆಯ ಚಪ್ಪಟೆ ದೋಣಿಯೊಂದರಲ್ಲಿ ಬಿಳಿ ಅನ್ನದ ಎಡೆ ಇಟ್ಟು ಗಣಿಯ ನೀರು ಹೊರಬೀಳುವ ಇಟ್ಟಿಗೆಯ ಕಮಾನಿನವರೆಗೆ ಒಯ್ಯುತ್ತಾರೆ. ಊರವರು ದಡದ ಮೇಲೆ ಕೈಮುಗಿದು ನಡೆಯುತ್ತಾರೆ. ದೋಣಿಯ ಮೇಲೆ ಒಬ್ಬನೇ, ಗಳ ಹಿಡಿದು. ಆ ಒಬ್ಬ ಸಾಲುಮನೆಯವನೇ ಆಗಿರಬೇಕು. ಅಂದು ಬದುಕಿ ಬಂದವರಲ್ಲಿ ಉಳಿದಿರುವುದು ತೊಕುನಾಗ-ಸಾನ್ ಒಬ್ಬರೇ. ಎಂಬತ್ತು ದಾಟಿದ ಮುದುಕ. ಗಳ ಅವರ ಕೈಯಲ್ಲೇ ಇತ್ತು. ಈಚೆಗೆ ಅವರ ಭುಜ ಮೇಲೇಳುತ್ತಿರಲಿಲ್ಲ. ಮಗ ಒಸಾಕಾದಲ್ಲಿದ್ದ, ಅವನಿಗೆ ದೋಣಿ ಕಂಡರೆ ವಾಂತಿ. ಮುತಾ-ಸಾನ್ ಮನೆ ಸಾಲಿನಾಚೆಯದು. ಸಾಲುಮನೆಗಳಲ್ಲಿ ಉಳಿದವರೆಲ್ಲ ಮುದುಕಿಯರು, ಮತ್ತು ಈಶ್ವರ.

ಆ ಗಳ ತನ್ನ ಕೈಗೆ ಬರಲಿ ಎಂದು ಈಶ್ವರ ಕೆಲಸಕ್ಕೆ ಕೂರುವ ಮುಂಚೆ ದಿನಾ ಕಾಲುವೆಯಲ್ಲಿ ಅಭ್ಯಾಸ ಮಾಡತೊಡಗಿದ. ದೋಣಿ ಒಂದು ಕಡೆ, ಗಳ ಒಂದು ಕಡೆ, ಅವನು ಇನ್ನೊಂದು ಕಡೆ. ದಡದ ಮೇಲೆ ನಾಯಿ ಹಿಡಿದು ತಿರುಗಾಡುವವರು ನಿಂತು ನೋಡಿ, ಜೋಜು, ಎಂದು ಮುಂದಕ್ಕೆ ಹೋಗುತ್ತಿದ್ದರು. ತೊಕುನಾಗ-ಸಾನ್ ಮಾತ್ರ ಮನೆಯ ಮುಂದಿನ ಸ್ಟೂಲಿನ ಮೇಲೆ ಕೂತು ಏನೂ ಅನ್ನದೆ ನೋಡುತ್ತಿದ್ದರು. ಏಪ್ರಿಲ್ ಕೊನೆಯಲ್ಲಿ ಮುತಾ-ಸಾನ್ ಪಿಸುಗುಟ್ಟಿದರು, ಆ ಇಂಡಿಯಾದವನು ಸೊಂಟ ಸ್ವಲ್ಪ ಬಗ್ಗಿಸಿದರೆ ಆಗಬಹುದು ಎಂದು ಮುದುಕ ಹೇಳಿದರಂತೆ. ಈಶ್ವರನಿಗೆ ಅಂದು ಕೀಬೋರ್ಡು ಕಾಣಲಿಲ್ಲ. ಮೈಸೂರಿಗೆ ಫೋನು ಮಾಡಿ ಅಕ್ಕ ಲೀಲಾವತಿಗೆ ಹೇಳಿದ. ದೋಣಿ ನಡೆಸೋಕೆ ಅಷ್ಟು ದೂರ ಹೋಗ್ಬೇಕಿತ್ತೇನೋ, ಶ್ರೀರಂಗಪಟ್ಟಣದಲ್ಲೇ ಇತ್ತಲ್ಲೋ, ಎಂದಳು ಅವಳು.

ಎಡವಟ್ಟಾದದ್ದು ಮೇ ತಿಂಗಳಲ್ಲಿ, ಕಾಲುವೆಯ ಹೂಳೆತ್ತುವ ಭಾನುವಾರ. ಅಂದು ಮನೆಗೊಬ್ಬರು ರಬ್ಬರ್ ಬೂಟು ಹಾಕಿಕೊಂಡು ನೀರಿಗಿಳಿಯಬೇಕು, ಮಧ್ಯಾಹ್ನ ದಡದ ಮೇಲೆ ಚಾಪೆ ಹಾಸಿಕೊಂಡು ಎಲ್ಲರೂ ಒಟ್ಟಿಗೆ ಉಣ್ಣಬೇಕು. ಅನ್ನ ಕೇರಿಯದು, ಉಳಿದದ್ದು ಮನೆಮನೆಯಿಂದ. ಈಶ್ವರ ಹಿಂದಿನ ದಿನವೇ ಟೊಮೇಟೊ, ಬೇಳೆ, ಮೈಸೂರಿನಿಂದ ಬಂದ ಸಾರಿನ ಪುಡಿ, ಎಲ್ಲ ಜೋಡಿಸಿಕೊಂಡು ದೊಡ್ಡ ಪಾತ್ರೆಯಲ್ಲಿ ಸಾರು ಕುದಿಸಿದ. ಮೇಲೆ ತುಪ್ಪದ ಇಂಗಿನ ಒಗ್ಗರಣೆ. ಕಾಲುವೆಯ ಕೆಸರಿನ ವಾಸನೆಯನ್ನೂ ಸೋಲಿಸಿ ಅದು ದಡದ ತುಂಬ ಹರಡಿತು.

ಎಲ್ಲರೂ ಸಾಲಾಗಿ ಕೂತಿದ್ದರು. ಎಲ್ಲರ ಕೈಯಲ್ಲೂ ಬಟ್ಟಲು, ಬಟ್ಟಲಿನಲ್ಲಿ ಬೆಳ್ಳಗಿನ ಬರಿಯ ಅನ್ನ. ಸೂಪು ಬೇರೆ ಬಟ್ಟಲಿನಲ್ಲಿ. ಮೈಸೂರಿನವನೊಬ್ಬ ಪಂಕ್ತಿಯಲ್ಲಿ ಕೂತವರ ಮುಂದೆ ಬರಿಯ ಅನ್ನ ಕಂಡು ಸುಮ್ಮನಿರುವುದುಂಟೇ. ಈಶ್ವರ ಪಾತ್ರೆ ಎತ್ತಿಕೊಂಡ, ಸೌಟು ಹಿಡಿದ, ಮದುವೆ ಮನೆಯ ಬಡಿಸುವವರ ಹಾಗೆ ಬಗ್ಗಿ ಹೊರಟ. ಹಿರಿಯರಿಗೆ ಮೊದಲು ಎಂಬ ಸಂಸ್ಕಾರ ಬೇರೆ. ನೇರ ತೊಕುನಾಗ-ಸಾನ್ ಎದುರು ನಿಂತು, ಅವರು ಕೈ ಅಡ್ಡ ತರುವಷ್ಟರಲ್ಲಿ, ಅವರ ಅನ್ನದ ಮೇಲೆ ಧಾರಾಳವಾಗಿ ಒಂದು ಸೌಟು ಸಾರು ಸುರಿದ. ಸಾಲದೆಂದು ಇನ್ನೊಂದು.

ತೊಕುನಾಗ-ಸಾನ್ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಅದನ್ನು ಮೆಲ್ಲಗೆ ಕೆಳಗಿಟ್ಟು, ಬೆನ್ನು ನೋಯುತ್ತಿದೆ, ಕ್ಷಮಿಸಿ ಎಂದು ಎದ್ದು ಮನೆಗೆ ಹೋದರು. ಈಶ್ವರ ಪಂಕ್ತಿ ಮುಂದುವರಿಸಿದ. ಮುದುಕಿಯರು ಬಟ್ಟಲಿನ ಮೇಲೆ ಅಂಗೈ ಮುಚ್ಚಿ, ಎಷ್ಟು ಪರಿಮಳ, ಎಷ್ಟು ಜೋಜು, ಅಂದರು. ಒಬ್ಬರೂ ಬಾಯಿಗಿಡಲಿಲ್ಲ. ನಗರಸಭೆಯಿಂದ ಬಂದಿದ್ದ ಹುಡುಗಿಯೊಬ್ಬಳು ಮಾತ್ರ ಫೋಟೊ ತೆಗೆದುಕೊಂಡು ಚೊಕ್ಕವಾಗಿ ಉಂಡಳು, ಅವಳು ಬೇರೆ ಊರಿನವಳು.

ಮಾರನೆಯ ದಿನದಿಂದ ಮನೆಗೆ ಈರುಳ್ಳಿ ಬರತೊಡಗಿತು. ಹೊಸ ಈರುಳ್ಳಿ, ಮಣ್ಣು ತೊಳೆದದ್ದು, ಬಾಗಿಲಿಗೆ ನೇತುಹಾಕಿದ ಚೀಲದಲ್ಲಿ. ಒಂದು ದಿನ ಮೂಲಂಗಿ. ಕೇರಿಯಲ್ಲಿ ಎದುರಾದವರು ಮೊದಲಿಗಿಂತ ಇನ್ನೂ ಕೆಳಕ್ಕೆ ಬಗ್ಗಿ ನಮಸ್ಕರಿಸಿದರು. ಹುಳಿಗೆ ಈರುಳ್ಳಿ ಹೆಚ್ಚುತ್ತ ವಿಶಾಲಾಕ್ಷಿ ಹೇಳಿದಳು. "ರೀ, ಏನೋ ಕೆಟ್ಟಿದೆ. ಈ ಜನ ಇಷ್ಟು ಒಳ್ಳೇವರಾದ್ರೆ something is wrong."

ಅವಳ ಮಾತು ಸುಳ್ಳಾಗಲಿಲ್ಲ. ವಾರದೊಳಗೆ ಮುತಾ-ಸಾನ್ ಬಂದು ಬಾಗಿಲಲ್ಲಿ ನಿಂತು, ಬಹಳ ಹೊತ್ತು ಹವಾಮಾನದ ಬಗ್ಗೆ ಮಾತಾಡಿದರು. ಕೊನೆಗೆ, ಸಾಲುಮನೆಯವನಲ್ಲದಿದ್ದರೂ ಈ ವರ್ಷ ಎಡೆಯ ದೋಣಿಗೆ, ಪ್ರವಾಸಿಗಳಿಗೆ ದೋಣಿ ನಡೆಸುವ ಬೇರೆ ಊರಿನ ಒಬ್ಬನನ್ನು ಕರೆಸುತ್ತಿದ್ದೇವೆ, ಈಶ್ವರ-ಸಾನ್‌ಗೆ ಸುಮ್ಮನೆ ತೊಂದರೆ ಯಾಕೆ, ಎಂದರು. ನಾನೇನಾದರೂ ತಪ್ಪು ಮಾಡಿದೆನೇ ಎಂದು ಈಶ್ವರ ಕೇಳಿದ. ಎಲ್ಲಾದರೂ ಉಂಟೇ, ದೈಜೋಬು, ಏನೂ ಇಲ್ಲ, ಎಂದು ಮುತಾ-ಸಾನ್ ಎರಡೂ ಕೈ ಆಡಿಸಿ, ಇನ್ನೊಂದು ಚೀಲ ಈರುಳ್ಳಿ ಕೊಟ್ಟು ಹೋದರು.

ಗುಟ್ಟು ಬಿಡಿಸಿದವಳು ಪ್ರಣತಿ. ಹೈಸ್ಕೂಲಿನ ಹುಡುಗಿ, ಕನ್ನಡ ಎಲ್ಲ ಅರ್ಥವಾಗುತ್ತದೆ, ಬಾಯಲ್ಲಿ ಬರುವುದು ಕಡಿಮೆ. ಗೆಳತಿಯ ಅಜ್ಜಿಯನ್ನು ಕೇಳಿಕೊಂಡು ಬಂದಿದ್ದಳು.

"ಅಪ್ಪಾ, you poured soup on his rice."

"ಹೂಂ, ಸಾರು. ಅದಕ್ಕೇನಾಯ್ತು?"

"ಗಣಿ ಮನೇಲಿ ಹಂಗ್ ಮಾಡಲ್ಲ. Never. ಅನ್ನದ ಮೇಲೆ ನೀರು ಬಿದ್ರೆ, it means water will come into the mine. ಇಲ್ಲಿ ಎಲ್ರಿಗೂ ಗೊತ್ತು, even small kids."

"ಎಲ್ರಿಗೂ ಗೊತ್ತಿದ್ರೆ ನನಗೊಬ್ರೂ ಯಾಕೆ ಹೇಳ್ಲಿಲ್ಲ?"

ಪ್ರಣತಿ ಅಪ್ಪನನ್ನು ಕನಿಕರದಿಂದ ನೋಡಿದಳು. "Because you're a guest, ಅಪ್ಪಾ. ಗೆಸ್ಟ್‌ಗೆ ಯಾರ್ ಬೈತಾರೆ?"

ನೀರು ನುಗ್ಗಿ ಸತ್ತವರ ಎಡೆಯನ್ನು ಒಯ್ಯುವ ಮನುಷ್ಯನ ಅನ್ನದ ಮೇಲೆ ಈಶ್ವರ ಎರಡು ಸೌಟು ನೀರು ಸುರಿದಿದ್ದ. ಅದೂ ತುಪ್ಪದ ಒಗ್ಗರಣೆ ಹಾಕಿ. ಅದಕ್ಕಿಂತ ಹೆಚ್ಚಾಗಿ ನೋಯಿಸಿದ್ದು ಈರುಳ್ಳಿ. ಸಂಜೆಯ ಬಸ್ಸಿಗೆ ಹೋಗುವ ನೆಂಟನನ್ನು ಹೇಗೆ ನಡೆಸಿಕೊಳ್ಳುತ್ತಾರೋ ಹಾಗೆ ಊರು ಅವನನ್ನು ನಡೆಸಿಕೊಂಡಿತ್ತು. ಬಸ್ಸು ಇನ್ನೂ ಯಾಕೆ ಬಂದಿಲ್ಲ ಎಂದು ಮಾತ್ರ ಯಾರೂ ಕೇಳಿರಲಿಲ್ಲ.

ಶನಿವಾರ ಬೆಳಿಗ್ಗೆ ಸಿಹಿ ಡಬ್ಬಿ ಹಿಡಿದುಕೊಂಡು ತೊಕುನಾಗ-ಸಾನ್ ಮನೆಗೆ ಹೋದ. ಮುದುಕ ಬಾಗಿಲು ತೆರೆದರು. ಈಶ್ವರ ನಡುಬಗ್ಗಿಸಿ ಕ್ಷಮೆ ಕೇಳಿದ. ಇಬ್ಬರೂ ಮಾತಾಡಿದ್ದು ಜಪಾನಿ ಭಾಷೆಯಲ್ಲೇ. ಮುದುಕ ನಗುತ್ತ, ಛೆ ಛೆ, ನೀವು ಪರದೇಶದವರು, ಈ ಕಟ್ಟಳೆ ನಿಮಗಲ್ಲ, ಬಹಳ ರುಚಿಯಾಗಿತ್ತು, ಅಂದರು. ಸಿಹಿ ಡಬ್ಬಿ ತೆಗೆದುಕೊಂಡರು. ಈಶ್ವರ-ಸಾನ್ ಜಪಾನಿ ಭಾಷೆ ನಿಜಕ್ಕೂ ಜೋಜು, ಎಂದೂ ಸೇರಿಸಿದರು.

ಅಲ್ಲಿಗೆ ಹೊರಟು ಬರಬೇಕಿತ್ತು. ಮರ್ಯಾದಸ್ಥರು ಬರುತ್ತಾರೆ. ಈಶ್ವರ ಬಾಗಿಲ ಒಳಗಿನ ಮೆಟ್ಟಿಲ ಮೇಲೆ ಕೂತುಬಿಟ್ಟ.

"ತೊಕುನಾಗ-ಸಾನ್, ನಿಮ್ಮ ಮಗ ಹಾಗೆ ಸುರಿದಿದ್ದರೆ ಏನು ಮಾಡುತ್ತಿದ್ದಿರಿ?"

"ಮಗನೇ? ಬಟ್ಟಲು ಕಿತ್ತುಕೊಂಡು ತಲೆಗೆ ಕುಟ್ಟುತ್ತಿದ್ದೆ."

"ಹಾಗಾದರೆ ನನಗೆ ಬೈಯಿರಿ."

"ಅತಿಥಿಗೆ ಬೈಯುವುದುಂಟೇ?"

"ನಾನು ನಿಮ್ಮ ಸಾಲಿನಲ್ಲೇ ಇರುವವನು. ನನ್ನ ಮಗಳು ಇಲ್ಲೇ ಓದುತ್ತಾಳೆ. ಎಷ್ಟು ವರ್ಷ ಇದ್ದರೆ ಅತಿಥಿಯಲ್ಲ, ಅದೊಂದು ಹೇಳಿ. ನಾನು ಎದ್ದು ಹೋಗುತ್ತೇನೆ."

ಮುದುಕರ ಮುಖದಲ್ಲಿದ್ದ ನಗು ಹೋಗಿತ್ತು. ಒಳಗೆ ಟಿವಿಯಲ್ಲಿ ಯಾರೋ ಅಡುಗೆ ಹೇಳಿಕೊಡುತ್ತಿದ್ದರು, ಹೋಗಿ ಅದನ್ನು ಆರಿಸಿ ಬಂದರು.

"ಸರಿ. ಇನ್ನು ಮೇಲೆ ಬಿಡುತ್ತೀಯಾ? ನಿನ್ನ ಮನೆಯಲ್ಲಿ, ಯಾರೂ ನೋಡದಾಗಲೂ? ಅನ್ನ ಬೇರೆ, ಸೂಪು ಬೇರೆ, ಸಾಯುವವರೆಗೆ?"

ಇಲ್ಲಿ ಹೌದು ಎಂದರೆ ಮುಗಿಯುತ್ತಿತ್ತು. ಜಪಾನಿನಲ್ಲಿ ಯಾರಾದರೂ ಹೌದು ಅನ್ನುತ್ತಿದ್ದರು, ಮೈಸೂರಿನಲ್ಲಂತೂ ಕೇಳುವ ಮುಂಚೆಯೇ ಅನ್ನುತ್ತಿದ್ದರು. ಗಳ ಕೈಗೆ ಬರುತ್ತಿತ್ತು. ಅಡುಗೆಮನೆಯ ಬಾಗಿಲು ಹಾಕಿಕೊಂಡು ಏನು ಕಲಸಿಕೊಂಡರೂ ಯಾರಿಗೆ ತಿಳಿಯಬೇಕು. ಆದರೆ ಆ ಮನುಷ್ಯನ ಎದುರು ಸುಳ್ಳು ಹೇಳಿ ಆ ದೋಣಿ ಹತ್ತುವುದು ಈಶ್ವರನಿಂದಾಗಲಿಲ್ಲ.

"ಆಗುವುದಿಲ್ಲ" ಎಂದ. "ಅನ್ನಕ್ಕೆ ಸಾರು ಕಲಸಿ ನನ್ನಮ್ಮ ಬಾಯಿಗಿಟ್ಟಳು, ಅದರಿಂದಲೇ ಬೆಳೆದವನು ನಾನು. ಬಿಟ್ಟೆ ಎಂದರೆ ಸುಳ್ಳಾಗುತ್ತದೆ. ದೋಣಿಯ ದಿನ ಉಪವಾಸ ಇರುತ್ತೇನೆ. ಅದರ ಹಿಂದಿನ ದಿನವೂ. ಅಷ್ಟು ನನ್ನ ಕೈಲಾಗುತ್ತದೆ."

ತೊಕುನಾಗ-ಸಾನ್ ಮುಖ ಕೆಂಪಗಾಯಿತು. ಸಿಹಿ ಡಬ್ಬಿಯನ್ನು ನೆಲಕ್ಕೆ ಕುಕ್ಕಿದರು. ಆಮೇಲೆ ಶುರುವಾದದ್ದು ಮೂರು ಮನೆಗಲ್ಲ, ಇಡೀ ಸಾಲಿಗೆ ಕೇಳಿಸಿತು.

"ದಡ್ಡ ನನ್ಮಗನೇ, ಉಪವಾಸವಂತೆ ಉಪವಾಸ. ಹೊಟ್ಟೆಗಿಲ್ಲದೆ ಗಳ ಹಿಡಿದರೆ ನೀರಿಗೆ ಬೀಳುತ್ತೀಯ. ನಮ್ಮಣ್ಣ ಹುಟ್ಟಿದಾಗಿಂದ ಒಂದು ದಿನ ಅನ್ನದ ಮೇಲೆ ಸೂಪು ಹಾಕಿಕೊಂಡವನಲ್ಲ. ಒಂದು ದಿನ. ಅವತ್ತೂ ಹಾಕಿಕೊಂಡಿರಲಿಲ್ಲ, ನಾನು ಪಕ್ಕದಲ್ಲೇ ಕೂತಿದ್ದೆ. ಆದರೂ ನೀರು ಬಂತು, ಅವನನ್ನು ಒಯ್ದಿತು. ಅದರಿಂದ ಏನೂ ಆಗುವುದಿಲ್ಲ ಅಂತ ನನಗೆ ಗೊತ್ತಿಲ್ಲ ಅಂದುಕೊಂಡೆಯಾ? ನಿನಗಿಂತ ಚೆನ್ನಾಗಿ ಗೊತ್ತು. ಆದರೂ ನಾವು ಹಾಕಿಕೊಳ್ಳುವುದಿಲ್ಲ. ಹಾಕಿಕೊಂಡರೆ, ಅಣ್ಣ ಅಷ್ಟು ವರ್ಷ ಸುಮ್ಮಸುಮ್ಮನೆ ಒಣ ಅನ್ನ ತಿಂದ ಅಂತ ಆಗುತ್ತದೆ. ಅದಕ್ಕೇ."

ಮುದುಕರ ಉಸಿರು ಹತ್ತಿತು. ನಿಂತು, ಗೋಡೆ ಹಿಡಿದು, ಮತ್ತೆ ಶುರುಮಾಡಿದರು. ಸಿಟ್ಟು ಏರಿದಂತೆ ಮಾತು ಗಣಿಯವರ ಹಳೆಯ ಆಡುನುಡಿಗೆ ತಿರುಗಿತು, ಈಶ್ವರನ ಆಫೀಸಿನ ಜಪಾನಿ ಭಾಷೆಗೆ ಅದರಲ್ಲಿ ಅರ್ಧವೂ ದಕ್ಕಲಿಲ್ಲ. ಅವನ ನಿಲುವು ಸರಿಯಿಲ್ಲ, ಸೊಂಟ ಮರದ ಹಲಗೆ, ಗಳ ಹಿಡಿಯುವುದು ಪೊರಕೆ ಹಿಡಿದಂತೆ, ಬೆಳಿಗ್ಗೆ ಅವನನ್ನು ನೋಡಿ ನೋಡಿ ತಮ್ಮ ಕಣ್ಣೇ ಕೆಟ್ಟಿತು ಎಂಬಷ್ಟು ತಿಳಿಯಿತು. ಈಶ್ವರ ಎದ್ದು ತಲೆ ತಗ್ಗಿಸಿ ನಿಂತಿದ್ದ. ಕಣ್ಣಿನಿಂದ ನೀರು ಸುರಿಯುತ್ತಿತ್ತು. ಅವನಿಗೆ ಅಷ್ಟು ಸಂತೋಷ ಜಪಾನಿಗೆ ಬಂದ ಮೇಲೆ ಆಗಿರಲಿಲ್ಲ.

ಹೊರಗೆ ಬಂದರೆ ಕೇರಿಯಲ್ಲಿ ಮುದುಕಿಯರು ನಿಂತಿದ್ದರು, ಮುತಾ-ಸಾನ್ ಕೂಡ. ತೊಕುನಾಗ-ಸಾನ್ ಬೈದದ್ದನ್ನು ಎಲ್ಲರೂ ಕೇಳಿಸಿಕೊಂಡಿದ್ದರು. ಹಿರಿಯರು ಬಾಗಿಲು ತೆಗೆದ ಮೇಲೆ ಉಳಿದವರು ಯಾಕೆ ತಡೆದಾರು. ಮೊದಲು ಮುತಾ-ಸಾನ್ ಗಂಟಲು ಸರಿಮಾಡಿಕೊಂಡರು. ಈಶ್ವರ-ಸಾನ್, ಬಂದ ದಿನದಿಂದ ನೀವು ಕಸ ತಪ್ಪಾಗಿ ಹಾಕುತ್ತಿದ್ದೀರಿ, ಪ್ಲಾಸ್ಟಿಕ್ಕು ಬೇರೆ, ಬಾಟಲಿ ಮುಚ್ಚಳ ಬೇರೆ, ನಾನು ಮತ್ತೆ ಬಿಚ್ಚಿ ವಿಂಗಡಿಸುತ್ತಿದ್ದೇನೆ, ನನಗೂ ವಯಸ್ಸಾಯಿತು, ಎಂದರು. ಪಕ್ಕದ ಮನೆಯ ಮುದುಕಿ, ರಾತ್ರಿ ಫೋನಿನಲ್ಲಿ ಅಷ್ಟು ಜೋರಾಗಿ ಯಾರ ಜೊತೆ ಜಗಳ, ಎಂದು ಕೇಳಿದಳು. ಜಗಳವಲ್ಲ, ನಮ್ಮಕ್ಕನ ಕ್ಷೇಮ ವಿಚಾರಿಸುವುದು ಎಂದ ಈಶ್ವರ. ಹಾಗಾದರೆ ಮೆಲ್ಲಗೆ ವಿಚಾರಿಸು, ಎಂದಳು. ಇನ್ನೊಬ್ಬಳು ಅವನು ಬಟ್ಟೆ ಒಣಹಾಕುವ ರೀತಿಯ ಬಗ್ಗೆ ಹಿಡಿದಳು. ಎಲ್ಲರದೂ ಮುಗಿದಾಗ ಹೊತ್ತು ಮಧ್ಯಾಹ್ನದ ಕಡೆಗೆ ವಾಲಿತ್ತು. ಒಬ್ಬರಾದರೂ ಒಂದು ಈರುಳ್ಳಿ ಕೊಡಲಿಲ್ಲ.

ಮನೆಗೆ ಬಂದವನ ಮುಖ ನೋಡಿ ವಿಶಾಲಾಕ್ಷಿ ಗಾಬರಿಯಾದಳು.

"ಏನಾಯ್ತ್ರೀ?"

"ಬೈದ್ರು."

"ಯಾರು, ತೊಕುನಾಗ-ಸಾನಾ?"

"ಎಲ್ರೂ."

"ಸದ್ಯ" ಎಂದು ಅವಳು ಕುರ್ಚಿಯ ಮೇಲೆ ಕೂತಳು. "ದೋಣಿ ಕೊಟ್ರಾ?"

"ಇಲ್ಲ. ಈ ವರ್ಷ ಆ ಬೇರೆ ಊರಿನವನೇ. ನಾಳೆಯಿಂದ ಬೆಳಿಗ್ಗೆ ತೊಕುನಾಗ-ಸಾನೇ ನನಗೆ ಕಲಿಸ್ತಾರಂತೆ. ನನ್ನಂಥ ಹೆಡ್ಡನಿಗೆ ಮೂರು ವರ್ಷ ಬೇಕಂತೆ." ಈಶ್ವರ ಮೂಗು ಒರೆಸಿಕೊಂಡ. "ಸತ್ತುಹೋದ ಅವರಣ್ಣನ ಹತ್ರ ಹೋಗೋಕೆ ಎಲ್ಲ ರೆಡಿ ಮಾಡ್ಕೊಂಡು ಕೂತಿದ್ರಂತೆ. ನನ್ನ ದೆಸೆಯಿಂದ ಇನ್ನು ಮೂರು ವರ್ಷ ಸಾಯೋ ಹಾಗಿಲ್ಲ ಅಂತ, ಅದಕ್ಕೂ ಬೈದ್ರು."